ಬಟ್ಟಲಿಗೆ ಹೊಯ್ದ ನೀರು

ಚನ್ನಪಟ್ಟಣ
12-9-1986

ಪ್ರೀತಿಯ ತಮ್ಮ ನರಸಯ್ಯನಿಗೆ,

ನಿನ್ನ ಅಕ್ಕ ಮುನಿತಾಯಮ್ಮ ಇನ್ನೂ ಬದುಕಿದ್ದಾಳೆ, ಹೆದರಬೇಡ. ನೀನು ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ಮಂಡ್ಯದಲ್ಲಿ ಚಿಕ್ಕವ್ವ ಹೊಟ್ಟೆತುಂಬ ಮುದ್ದೆ ಇಕ್ಕುತ್ತಾಳೋ, ಇಲ್ಲ ಬರೀ ಮಾತಿನಲ್ಲೇ ಹೊಟ್ಟೆ ತುಂಬಿಸುತ್ತಾಳೋ? ನನ್ನ ಬಲಗೈ ಮೂಳೆ ಎರಡು ಕಡೆ ಮುರಿದಿದೆ. ಅದಕ್ಕೇ ನನಗೆ ಅಕ್ಷರ ಕಲಿಸಿದ ರಾತ್ರಿ ಶಾಲೆಯ ಸರಸಮ್ಮ ಮೇಡಂ ಆಸ್ಪತ್ರೆಗೆ ಬಂದು ನಾನು ಹೇಳಿದ್ದನ್ನು ಬರೆಯುತ್ತಿದ್ದಾರೆ. ನನ್ನ ಬೈಗುಳ ಮಾತ್ರ ಬರೆಯುವುದಿಲ್ಲವಂತೆ. ಅವನ್ನು ನೀನೇ ಸೇರಿಸಿಕೊಂಡು ಓದಿಕೋ.

ಚಿಕ್ಕವ್ವನ ಕಿವಿಗೆ ಏನೇನು ಬಿದ್ದಿದೆಯೋ, ಅವಳಿಗೂ ಓದಿ ಹೇಳು. ಗಂಗಹನುಮಯ್ಯನ ಮನೆಗೆ ಎಂಟು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊತ್ತವಳು ನಾನು. ರಾಮನಗರದ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡಿಗೆ ಬೆಲೆ ಬಂದು ಅವನು ಮಾಳಿಗೆ ಕಟ್ಟಿದ, ನಮ್ಮದು ಅದೇ ಗುಡಿಸಲು. ಹುಳು ಸಾಕುವ ಮನೆಯ ಹೊಸ್ತಿಲ ಹೊರಗೇ ಸೊಪ್ಪಿನ ಕುಕ್ಕೆ ಇಟ್ಟು ನಾನು ಹತ್ತು ಹೆಜ್ಜೆ ಹಿಂದೆ ಸರಿಯಬೇಕು, ಆಮೇಲೆ ಅವನ ಹೆಂಡತಿ ಬೈರಮ್ಮ ನೀರು ಚಿಮುಕಿಸಿ ಒಳಗೆ ಒಯ್ಯಬೇಕು. ನಾನು ಕೊಯ್ದ ಸೊಪ್ಪು ತಿಂದರೆ ಹುಳುವಿಗೆ ಮೈಲಿಗೆಯಿಲ್ಲ, ನನ್ನ ಕಾಲಿಗೆ ಮಾತ್ರ ಮೈಲಿಗೆ! ಆ ದಿನ ಬೈರಮ್ಮ ಇರಲಿಲ್ಲ, ಬಾಗಿಲು ತೆರೆದಿತ್ತು. ಗೂಡು ಕಟ್ಟಲು ನಾಲ್ಕೇ ದಿನವಿದ್ದ ಹುಳು. ಇರುವೆ ಹತ್ತದಂತೆ ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತಾರಲ್ಲ, ಅವು ಬತ್ತಿಹೋಗಿ ಇರುವೆ ಸಾಲುಗಟ್ಟಿ ಹತ್ತುತ್ತಿದ್ದವು. ಕೂಗಿದೆ, ಯಾರೂ ಓಗೊಡಲಿಲ್ಲ. ಜೀವ ತಡೆಯಲಿಲ್ಲ ಕಣೋ. ಒಳಗೆ ಹೋಗಿ ಇರುವೆ ಒರೆಸಿ ಬಟ್ಟಲುಗಳಿಗೆ ನೀರು ಹೊಯ್ದೆ. ನೆಲದ ಮೇಲಿದ್ದ ನನ್ನ ಕೆಸರುಗಾಲಿನ ಗುರುತು ಒರೆಸುವುದನ್ನು ಮರೆತೆ.

ಮೂರನೇ ದಿನ ಥಂಡಿಗೆ ಹುಳುಗಳು ಸುಣ್ಣಕಟ್ಟು ರೋಗ ಹತ್ತಿ, ಬೆಳ್ಳಗೆ ಸೆಟೆದು ಸತ್ತವು. ಆ ಮಳೆಯಲ್ಲಿ ಯಾರ ಮನೆಯಲ್ಲಿ ಸಾಯಲಿಲ್ಲ ಹೇಳು? ಆದರೆ ಗಂಗಹನುಮಯ್ಯ, "ಕೇರಿಯೋಳು ಒಳಕ್ಕೆ ಬಂದು ನೀರು ಹುಯ್ದವ್ಳೆ ಕಣ್ರಲಾ, ಅದ್ಕೇ ಹುಳ ಸತ್ತೋದ್ವು" ಎಂದು ಜನ ಕೂಡಿಸಿದ. ತುರುಬು ಹಿಡಿದು ಎಳೆದು ತಂದು ಹೊಂಗೆಮರಕ್ಕೆ ಕಟ್ಟಿದರು. ಹಿಪ್ಪುನೇರಳೆ ಬರಲಿನಿಂದ ಬೆನ್ನು ಸುಲಿದರು. ಸತ್ತ ಹುಳುಗಳನ್ನು ಹಿಡಿಹಿಡಿ ಬಾಯಿಗೆ ತುರುಕಿ, "ನೀನೇ ಸಾಯ್ಸಿದ್ದೀಯ, ನೀನೇ ತಿನ್ನು" ಎಂದರು. ಆಮೇಲೆ ದೊಣ್ಣೆ ಬಂತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಸಂಜೆಗೆ ನಮ್ಮ ಗುಡಿಸಲಿಗೆ ಬೆಂಕಿ ಇಟ್ಟರು. ಅವ್ವನ ತಗಡಿನ ಪೆಟ್ಟಿಗೆ, ನಿನ್ನ ಏಳನೇ ಕ್ಲಾಸಿನ ಸರ್ಟಿಫಿಕೇಟು, ಎಲ್ಲ ಬೂದಿ. ಈಗ ಕೇರಿಯಲ್ಲಿ ಯಾರಿಗೂ ಸೊಪ್ಪಿನ ಕೆಲಸವಿಲ್ಲ, ಅಂಗಡಿಯವನು ಉಪ್ಪೂ ಕೊಡುವುದಿಲ್ಲ.

ಠಾಣೆಯಲ್ಲಿ "ಊರೊಳ್ಗೇ ಬಗೆಹರಿಸ್ಕೊಳ್ಳಮ್ಮ" ಎಂದು ಅಟ್ಟಿದರು. ಸರಸಮ್ಮನವರು ಬಿಡಲಿಲ್ಲ. ಚೀಲದಿಂದ ಪುಸ್ತಕ ತೆಗೆದು ನಾಗರಿಕ ಹಕ್ಕುಗಳ ಕಾಯ್ದೆಯನ್ನು ಅವರ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದರು. ಇದು ರಾಜಿಯಾಗುವ ಕೇಸಲ್ಲ ಎಂದರು. ನಾವು ಹಣೆಬರಹ ಎಂದುಕೊಂಡಿದ್ದಕ್ಕೆ ಅಲ್ಲಿ ಅಪರಾಧ ಎಂದು ಬರೆದಿದೆಯಂತೆ! ಪಕ್ಕೆ ನೋವಿನಲ್ಲೂ ನಗು ಬಂತು. ಕೊನೆಗೆ ದೂರು ಬರೆದುಕೊಂಡರು. ಗುಡಿಸಲಿಗೆ ಬೆಂಕಿ ಇಟ್ಟವರನ್ನು ಕಂಡ ಹನ್ನೊಂದು ಹೆಂಗಸರು ಹೆಬ್ಬೆಟ್ಟು ಒತ್ತಿದ್ದಾರೆ, ನಮ್ಮ ಹೆದರುಪುಕ್ಕಲಿ ದಾಸಮ್ಮ ಕೂಡ. ಗಂಗಹನುಮಯ್ಯ ರಾಜಿಗೆಂದು ಬಾಳೆಹಣ್ಣು ಕಳಿಸಿದ್ದ. ಎಡಗೈಯಲ್ಲೇ ಬೀಸಿ ಎಸೆದೆ.

ಚಿಕ್ಕವ್ವನಿಗೆ ನನ್ನ ನಮಸ್ಕಾರ ಹೇಳು. ತಣ್ಣೀರು ಕುಡಿಯಬೇಡ. ಮನೆದೇವರು ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಕ್ಕ,
ಮುನಿತಾಯಮ್ಮ

ತಾ.ಕ.: ಇದನ್ನು ಎಡಗೈಯಲ್ಲಿ ನಾನೇ ಗೀಚುತ್ತಿದ್ದೇನೆ. ಸರಸಮ್ಮನವರಿಗೂ ಹೇಳಿಲ್ಲ. ದೊಣ್ಣೆಯ ಮೊದಲ ಏಟು ನಿನ್ನ ಕೈಯಲ್ಲಿ ಹೊಡೆಸಿದರು ಎಂಬುದನ್ನು ದೂರಿನಲ್ಲಿ ನುಂಗಿಕೊಂಡೆ. ಈಗ ಗಂಗಹನುಮಯ್ಯನ ಕಡೆಯವರೆಲ್ಲ ಸೇರಿ "ತಮ್ಮನೇ ಹೊಡ್ದು ಕೈ ಮುರ್ದ" ಎಂದು ಹೇಳಿಕೆ ಕೊಟ್ಟಿದ್ದಾರಂತೆ, ನಿನ್ನೆ ಪೋಲೀಸಿನವನು ಹೇಳಿದ. ಕೇರಿಯವರಲ್ಲಿ ಆ ಮರದ ಹತ್ತಿರ ಬಿಟ್ಟದ್ದು ನಿನ್ನೊಬ್ಬನನ್ನೇ. ನಿನ್ನ ಏಟು ನನಗೆ ನೋಯಲೇ ಇಲ್ಲ ಕಣಪ್ಪಾ, ಆ ನಾಚಿಕೆಗೆ ನೀನು ಮಂಡ್ಯಕ್ಕೆ ಓಡಬೇಕಿರಲಿಲ್ಲ. ನೀನು ಮೆಲ್ಲಗೆ ಹೊಡೆದೆ ಎಂದೇ ಗಂಗಹನುಮಯ್ಯ ದೊಣ್ಣೆ ಕಿತ್ತುಕೊಂಡು ನನ್ನ ಕೈ ಮುರಿದ. ಇಪ್ಪತ್ತೆರಡನೇ ತಾರೀಖು ಸೋಮವಾರ ಪೋಲೀಸಿನ ದೊಡ್ಡ ಸಾಹೇಬರು ಠಾಣೆಗೆ ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಬಾ. ಹೊಡೆದೆ ಎಂದು ಹೇಳು. ಯಾರು ಹೊಡೆಸಿದರು ಎಂದೂ ಹೇಳು.