ಇಳಿಯುವಾಗಿನ ಜೊತೆ

ಹದಿನೇಳನೇ ತಾರೀಕು, ಭಾನುವಾರ
ಹೊಸ ಮನೆಯ ಅಡುಗೆಮನೆ ಮೇಜಿನಿಂದ

ನನ್ನ ಫೋನ್ ಎತ್ತದ, ಆದರೂ ನನ್ನ ಪ್ರೀತಿಯ ಅಕ್ಕನಿಗೆ,

ಲಕೋಟೆ ದಪ್ಪಗಿದೆ ಎಂದು ಗಾಬರಿಯಾಗಬೇಡ. ಒಳಗೆ ಈ ಪತ್ರವಿದೆ, ಜೊತೆಗೊಂದು ಫಾರಂ ಇದೆ. ಫಾರಂ ಆಮೇಲೆ ನೋಡು. ವಿಷಯ ಮೊದಲೇ ಹೇಳಿಬಿಡುತ್ತೇನೆ: ಇನ್ನು ಒಂಬತ್ತು ವಾರಕ್ಕೆ ನಾನು ಮೂರು ಜಲಪಾತಗಳ ಕಾಡಿಗೆ ಹೋಗುತ್ತಿದ್ದೇನೆ. ನೀನು ನನ್ನ ಜೊತೆ ಬರಬೇಕು. ಈಗಲೇ ಹರಿದು ಬುಟ್ಟಿಗೆ ಹಾಕಬೇಡ, ಪ್ಲೀಸ್. ಕೊನೆಯವರೆಗೆ ಓದಿ ಆಮೇಲೆ ಹರಿ.

ಶಾಲೆಯಲ್ಲಿ ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲೇ ಎಂದು ನಿನಗೆ ಗೊತ್ತು. ನಮ್ಮ ಭಾಷೆಯಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷಿನಲ್ಲಾದರೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಆದರೆ 'ಸಾರಿ' ಎನ್ನುವುದನ್ನು ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗಲೂ ಹೇಳುತ್ತೇವೆ. ನಾನು ತುಳಿದದ್ದು ಕಾಲನ್ನಲ್ಲವಲ್ಲ.

ಮೊದಲು ಸಂತೋಷದ ಸುದ್ದಿ ಹೇಳಲು ಬಿಡು, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಮದುವೆಯಾಗಿ ಇವತ್ತಿಗೆ ನಲವತ್ತೇಳು ದಿನ. 'ನನ್ನ ಗಂಡ' ಎಂದು ಹೇಳುವ ಅವಕಾಶ ಸಿಕ್ಕಿದರೆ ಬಿಡುವುದೇ ಇಲ್ಲ. ತರಕಾರಿಯವನಿಗೂ ಹೇಳುತ್ತೇನೆ, ನನ್ನ ಗಂಡನಿಗೆ ಬದನೆಕಾಯಿ ಆಗುವುದಿಲ್ಲ ಎಂದು. ಅವನು ಕೇಳಿಯೇ ಇರುವುದಿಲ್ಲ. ಊರಿನ ಅರ್ಧ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ ಬಾಡಿಗೆಗೆ ಹಿಡಿದಿರುವುದು ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯ ಮನೆ. ಕೇಳಿದರೆ, ಮನೆಗೆ ಬಂದಮೇಲೂ ಆಫೀಸ್ ಕೆಲಸ ಯಾರಿಗೆ ಬೇಕು ಎನ್ನುತ್ತಾನೆ. ಹಲ್ಲುಜ್ಜುವಾಗ ಹಾಡುತ್ತಾನೆ, ಅಕ್ಕ. ಬಾಯಿ ತುಂಬ ನೊರೆ ಇಟ್ಟುಕೊಂಡು. ನಾನು ಬಾಗಿಲ ಹೊರಗೆ ನಿಂತು ಕೇಳುತ್ತೇನೆ. ಸರಿ, ಸಾಕು. ನೀನು ಹುಬ್ಬು ಗಂಟಿಕ್ಕಿದ್ದು ಇಲ್ಲಿಗೇ ಕಾಣುತ್ತಿದೆ.

ಕಾಡಿನ ಯೋಚನೆ ಬಂದದ್ದು ಒಂದು ಫೋಟೋದಿಂದ. ಇದನ್ನು ನಿನಗೆ ಹೇಳಿರಲಿಲ್ಲ. ಭಾವ ನಮ್ಮ ಮದುವೆಗೆ ಉಡುಗೊರೆ ಕಳಿಸಿದ್ದರು. ಈಗ ಭಾವ ಅಲ್ಲ ಎಂದು ಗೊತ್ತು, ಬಾಯಿಗೆ ಹಾಗೇ ಬರುತ್ತದೆ. ಮೂರನೇ ಜಲಪಾತದ ದೊಡ್ಡ ಫೋಟೋ, ಕಟ್ಟು ಹಾಕಿಸಿದ್ದು. ನೀವಿಬ್ಬರೂ ಬೇರೆಯಾದ ಮೇಲೂ ಅವರು ನನ್ನ ಹುಟ್ಟುಹಬ್ಬಕ್ಕೆ ಮೆಸೇಜ್ ಕಳಿಸುತ್ತಿದ್ದರು, ನಾನು ಉತ್ತರ ಕೊಡುತ್ತಿದ್ದೆ. ಅದನ್ನೂ ಹೇಳಿರಲಿಲ್ಲ. ಫೋಟೋವನ್ನು ಹಾಲಿನಲ್ಲಿ, ಸೋಫಾದ ಎದುರಿಗೇ ನೇತುಹಾಕಿದ್ದೆ. ದಿನಾ ನೋಡಿ ನೋಡಿ ಒಂದು ದಿನ ನನ್ನ ಗಂಡ, ನಾವೂ ಅಲ್ಲಿಗೆ ಹೋಗೋಣವೇ ಎಂದ. ನಾನು ಕುಣಿದುಬಿಟ್ಟೆ.

ಅವತ್ತಿನಿಂದ ಮನೆ ಮನೆಯಾಗಿಲ್ಲ. ಸ್ನಾನದ ಮನೆಯ ತೂಕದ ಯಂತ್ರ ಈಗ ಬಾಗಿಲ ಹತ್ತಿರ ಇದೆ. ಒಬ್ಬರ ಚೀಲ ಎಂಟು ಕಿಲೋ ದಾಟಬಾರದಂತೆ. ನನ್ನ ಗಂಡ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ್ದಾನೆ. ಎಷ್ಟು ಗ್ರಾಂ ಉಳಿಯಿತು ಎಂದು ಕೇಳಿದ್ದಕ್ಕೆ ಮಾತೇ ಬದಲಾಯಿಸಿದ. ಸಂಜೆ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದ ಕೂಡಲೇ ಬೆನ್ನಿಗೆ ನೀರಿನ ಕ್ಯಾನ್ ಕಟ್ಟಿಕೊಂಡು ನಾಲ್ಕು ಮಹಡಿ ಹತ್ತಿ ಇಳಿಯುತ್ತೇನೆ, ಆರು ಸಲ. ಎರಡನೇ ಮಹಡಿಯ ಆಂಟಿ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೇನಮ್ಮ ಎಂದು ದಿನಾ ಕೇಳುತ್ತಾರೆ. ಹಗ್ಗ ಹತ್ತುವ ಅಭ್ಯಾಸಕ್ಕೆ ಶನಿವಾರ ಅವನು ಕೆಲಸ ಮಾಡುವ ಲಿಫ್ಟ್ ಶೆಡ್ಡಿಗೆ ಹೋಗುತ್ತೇವೆ. ಅದಂತೂ ನನಗೆ ಈಗ ನೀರು ಕುಡಿದಷ್ಟು ಸಲೀಸು. ಒಟ್ಟು ಎರಡು ದಿನದ ದಾರಿ, ನದಿಯನ್ನು ಆರು ಕಡೆ ದಾಟಬೇಕು, ಎರಡನೇ ಜಲಪಾತದಿಂದ ಮೇಲೆ ನಲವತ್ತಡಿ ಬಂಡೆಯನ್ನು ಹಗ್ಗ ಹಿಡಿದು ಹತ್ತಬೇಕು. ನೋಡು ನನ್ನ ಸೊಕ್ಕು, ದಾರಿ ನಡೆದವಳಿಗೇ ದಾರಿ ಹೇಳುತ್ತಿದ್ದೇನೆ.

ಈಗ ಕಷ್ಟದ ಭಾಗ.

ಮದುವೆಯ ಊಟದ ಹೊತ್ತಿನಲ್ಲಿ ನಾನು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. ನನ್ನ ಅತ್ತೆ, ಮಾವ, ಅವರ ಕಡೆಯವರೆಲ್ಲ ಕೂತಿದ್ದರು. ನಿನ್ನನ್ನು ಪರಿಚಯ ಮಾಡಿಸುತ್ತ, ಇವಳೇ ನಮ್ಮನೆಯ ಅರ್ಧ ಜಲಪಾತ, ಎಲ್ಲವನ್ನೂ ಅರ್ಧಕ್ಕೇ ಬಿಟ್ಟು ಬರುವವಳು, ಕಾಡನ್ನೂ ಗಂಡನನ್ನೂ ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಕೈತೊಳೆದು ಬರುತ್ತೇನೆಂದು ಎದ್ದು ಹೋದವಳು ಗ್ರೂಪ್ ಫೋಟೋಕ್ಕೆ ಬರಲಿಲ್ಲ. ನೀನು ಚೀಲ ತೆಗೆದುಕೊಂಡು ಹೊರಟೇ ಹೋಗಿದ್ದೆ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅಮ್ಮನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಫೋಟೋದವರು ಹತ್ತಿರ ಬನ್ನಿ ಎಂದರೂ ಅಮ್ಮ ಸರಿಯಲಿಲ್ಲ.

ಅವತ್ತು ನನಗೆ ಸಿಟ್ಟೇ ಬಂದಿತ್ತು. ಒಂದು ತಮಾಷೆ ಸಹಿಸಲಾರಳೇ, ನನ್ನ ದಿನ ಹಾಳುಮಾಡಿದಳು ಎಂದುಕೊಂಡಿದ್ದೆ. ಆರು ವಾರ ಹಾಗೇ ಅಂದುಕೊಂಡಿದ್ದೆ.

ಮೊನ್ನೆ ಪರವಾನಗಿಗೆಂದು ಕಾಡಿನ ಅಂಚಿನ ಗೈಡ್ ಆಫೀಸಿಗೆ ಹೋದೆವು. ತಗಡಿನ ಚಾವಣಿಯ ಒಂದೇ ಕೋಣೆ, ಗೋಡೆಯುದ್ದಕ್ಕೂ ಒದ್ದೆ ಬೂಟುಗಳು, ಹಗ್ಗದ ಸುರುಳಿಗಳು. ಗೈಡಮ್ಮ ನಿನಗೆ ಗೊತ್ತೇ ಇದ್ದಾರೆ. ಕುಳ್ಳಗೆ, ಕಾಲಿನ ತುಂಬ ಜಿಗಣೆ ಕಚ್ಚಿದ ಕಲೆ. ಹೋದವರಿಗೆಲ್ಲ ಅವರು ಈಗ ಒಂದು ಪರೀಕ್ಷೆ ಇಟ್ಟಿದ್ದಾರೆ. ಫಾರಂ ಕೊಡುವ ಮೊದಲು ಒಂದು ದೊಡ್ಡ ಪುಸ್ತಕ ಮುಂದಿಡುತ್ತಾರೆ. ಅರ್ಧಕ್ಕೆ ಹಿಂದಿರುಗಿದವರು ಎಲ್ಲಿಂದ, ಯಾಕೆ, ಯಾರ ಜೊತೆ ಇಳಿದರು ಎಂದು ತಮ್ಮ ಕೈಯಾರೆ ಬರೆದ ಪುಸ್ತಕ. ಅದರಲ್ಲಿ ಐದು ಪುಟ ಓದಲೇಬೇಕು. ಮೇಲೆ ಮುಟ್ಟಿದವರ ಫೋಟೋ ಎಲ್ಲರೂ ನೋಡುತ್ತಾರಂತೆ, ಇಳಿದವರ ಕಥೆ ಯಾರೂ ಕೇಳುವುದಿಲ್ಲವಂತೆ. ಜಲಪಾತ ಎಲ್ಲಿಗೂ ಓಡಿಹೋಗುವುದಿಲ್ಲ, ಓಡಿಹೋಗುವುದು ನಿಮ್ಮ ಬುದ್ಧಿ ಎಂದು ನನ್ನ ಗಂಡನಿಗೆ ಬೈದರು. ಅವನು ಬ್ರಷ್ಷಿನ ವಿಷಯ ಆಗಷ್ಟೇ ಹೆಮ್ಮೆಯಿಂದ ಹೇಳಿದ್ದ.

ನಾಲ್ಕನೇ ಪುಟದಲ್ಲಿ ನಿನ್ನ ಅಕ್ಷರವಿತ್ತು.

ನನ್ನ ಹೋಂವರ್ಕ್ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟ ಕೈ ಅದು, ಗುರುತು ಸಿಗದೆ ಇರುತ್ತದೆಯೇ? ಮೂರೇ ಸಾಲು. 'ಎರಡನೇ ಜಲಪಾತ. ಕಾಲು ಉಳುಕಿತು. ನನಗೆ ಮುಂದೆ ಹೋಗಬೇಕೆಂದಿತ್ತು.' ಇಳಿಯುವಾಗ ಜೊತೆಗಿದ್ದವರು ಎಂಬ ಕಡೆ 'ಗೈಡ್' ಎಂದಿತ್ತು.

ಇದು ನಮ್ಮಕ್ಕ ಬರೆದದ್ದು ಎಂದೆ. ಗೈಡಮ್ಮ ಕನ್ನಡಕದ ಮೇಲಿಂದ ನೋಡಿದರು. ಅವರ ಕನ್ನಡಕದ ಕಡ್ಡಿ ಸೊಟ್ಟಗಿತ್ತು. ಇಡೀ ದಿನ ಅಂಗಡಿಯಲ್ಲಿ ಅದೇ ಕೆಲಸ ಮಾಡುವ ನನ್ನ ಕೈ ಸುಮ್ಮನಿರಲಿಲ್ಲ, ಕೇಳಿ ತೆಗೆದುಕೊಂಡು ನೆಟ್ಟಗೆ ಮಾಡಿಕೊಟ್ಟೆ. ಹಾಕಿಕೊಂಡು ನನ್ನ ಮುಖವನ್ನು ಸರಿಯಾಗಿ ನೋಡಿದರು. ನಾನು, ನೀರು ಕಂಡು ಹೆದರಿ ಅಳುತ್ತ ವಾಪಸು ಬಂದಳಂತಲ್ಲ ಎಂದು ಕೇಳಿದೆ.

"ಯಾರಮ್ಮ ಹೇಳಿದ್ದು? ಅವಳು ಹೆದರಿರಲಿಲ್ಲ. ಪಕ್ಕದಲ್ಲೇ ಕೂತಿದ್ದೆನಲ್ಲ ನಾನು," ಎಂದರು.

ಎಲ್ಲವನ್ನೂ ಹೇಳಿದರು. ಬಂಡೆಯ ಮೇಲೆ ಜಾರಿ ನಿನ್ನ ಕಾಲು ಉಳುಕಿದ್ದು. ಅರ್ಧ ಗಂಟೆ ಕೂತರೆ ನಡೆದೇನು, ಜೊತೆಗಿರಿ ಎಂದು ನೀನು ಭಾವನನ್ನು ಕೇಳಿದ್ದು. ಒಂದು ಫೋಟೋ ತೆಗೆದು ಈಗ ಬಂದೆ ಎಂದು ಅವರು ಉಳಿದವರ ಜೊತೆ ಹಗ್ಗ ಹತ್ತಿ ಹೋದದ್ದು. ನೀನು ಆ ಬಂಡೆಯ ಮೇಲೆ ಮೂರು ಗಂಟೆ ಕಾದದ್ದು. ಹಗ್ಗ ಅಲ್ಲಾಡಿದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದಳು ಎಂದರು ಗೈಡಮ್ಮ. ಕತ್ತಲಾಗುವ ಮೊದಲು ಇಳಿಯಲೇಬೇಕಿತ್ತು. ಗೈಡಮ್ಮನ ಹೆಗಲ ಮೇಲೆ ಕೈಯಿಟ್ಟು ನೀನು ಕುಂಟುತ್ತ ಇಳಿದೆ.

ಅಕ್ಕ, ಮರುದಿನ ಸಂಜೆ ನಮ್ಮ ಮನೆಯ ಹಾಲಿನಲ್ಲಿ ಏನಾಯಿತು ಎಂದು ನೆನಪಿಸಿಕೊಂಡೆ. ಭಾವ ಟಿವಿಯಲ್ಲಿ ಫೋಟೋ ತೋರಿಸುತ್ತ, ನೀನು ಅತ್ತದ್ದನ್ನು ಅಭಿನಯ ಮಾಡಿ ತೋರಿಸಿದರು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. 'ಅರ್ಧ ಜಲಪಾತ' ಎಂದು ಮೊದಲು ಕರೆದದ್ದು ನಾನು, ಅದೇ ಸಂಜೆ. ನೀನು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ನೀರನ್ನೇ ನೋಡುತ್ತಿದ್ದೆ. ಕಾಲಿಗೆ ಏನಾಯಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಎದುರಿಗೇ ಬಕೆಟ್ ಇತ್ತು, ಆವಿ ಏಳುತ್ತಿತ್ತು, ಯಾರೂ ಕೇಳಲಿಲ್ಲ.

ಮುಂದಿನ ವರ್ಷ ನೀನು ಅವರನ್ನು ಬಿಟ್ಟು ಬಂದಾಗ, ಅಷ್ಟು ನಗಿಸುವ ಮನುಷ್ಯನನ್ನು ಯಾರಾದರೂ ಬಿಡುತ್ತಾರೆಯೇ ಎಂದೆ ನಾನು. ನಿನ್ನೆದುರಿಗೇ ಹೇಳಿದೆ. ನಲವತ್ತೇಳು ದಿನದ ಸಂಸಾರದಲ್ಲಿ ನನಗೆ ತಿಳಿದದ್ದು ಕಡಿಮೆಯೇ. ಆದರೆ ನನಗೆ ಬರೀ ಸೀನು ಬಂದರೂ ಪಕ್ಕದ ಕೋಣೆಯಿಂದ ಎದ್ದು ಬರುವವನನ್ನು ದಿನಾ ನೋಡುತ್ತಿದ್ದೇನೆ. ನಿನಗೆ ಆ ಬಂಡೆಯ ಮೇಲೆ ಏನು ತಿಳಿಯಿತು ಎಂದು ಈಗ ಸ್ವಲ್ಪ ಅರ್ಥವಾಗುತ್ತದೆ.

ಮನೆಗೆ ಬಂದು ಫೋಟೋ ಕೆಳಗಿಳಿಸಿದೆ. ಅಮ್ಮನಿಗೆ ಏನೂ ಹೇಳಿಲ್ಲ. ಅದು ನಿನ್ನ ಕಥೆ, ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಹೇಳು ಎಂದರೆ ಮಾತ್ರ ನನ್ನ ಬಾಯಿ ತೆಗೆಯುತ್ತೇನೆ. ಈ ಬಾಯಿಗೆ ಇದು ಎಷ್ಟು ದೊಡ್ಡ ಶಿಕ್ಷೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಈಗ ಫಾರಂ ತೆಗೆದು ನೋಡು. ಕೆಳಗೆ ಒಂದು ಸಾಲು ಇದೆ, 'ಇಳಿಯುವಾಗಿನ ಜೊತೆ' ಎಂದು. ನಿನ್ನ ಕಾಲದಲ್ಲಿ ಅದು ಇರಲಿಲ್ಲ. ನೀನು ಇಳಿದು ಬಂದ ವಾರವೇ ಗೈಡಮ್ಮ ಸೇರಿಸಿದರಂತೆ. ಹೋಗುವವರೆಲ್ಲ ಇಬ್ಬಿಬ್ಬರಾಗಿ ಒಬ್ಬರ ಹೆಸರು ಒಬ್ಬರು ಬರೆದು, ಇಬ್ಬರೂ ಸಹಿ ಹಾಕಬೇಕು. ಒಬ್ಬರಿಗೆ ಆಗಲಿಲ್ಲವೆಂದರೆ ಇನ್ನೊಬ್ಬರು ಮಾತಿಲ್ಲದೆ ಇಳಿಯಬೇಕು, ಮೂರನೇ ಜಲಪಾತ ಕೈಗೆಟುಕುವಷ್ಟು ಹತ್ತಿರವಿದ್ದರೂ. ಸಹಿ ಇಲ್ಲದೆ ಪರವಾನಗಿ ಇಲ್ಲ.

ನನ್ನ ಹೆಸರಿನ ಮುಂದೆ ನಿನ್ನ ಹೆಸರು ಬರೆದಿದ್ದೇನೆ.

ನನ್ನ ಗಂಡನಿಗೆ ಇದನ್ನು ಹೇಳಲು ಎರಡು ದಿನ ಬೇಕಾಯಿತು. ಹೊಸದಾಗಿ ಮದುವೆಯಾದವಳು ಜೊತೆಗೆ ಗಂಡನನ್ನು ಬಿಟ್ಟು ಅಕ್ಕನನ್ನು ಆರಿಸಿದರೆ ಯಾರಿಗೆ ಬೇಜಾರಾಗುವುದಿಲ್ಲ? ಟೀ ಕಲಕುತ್ತ ಇದ್ದ, ಸಕ್ಕರೆ ಕರಗಿ ಎಷ್ಟೋ ಹೊತ್ತಾದರೂ ಕಲಕುತ್ತಲೇ ಇದ್ದ. ಆಮೇಲೆ ತನ್ನ ಶೆಡ್ಡಿನ ಹಿರಿಯ ಮೇಸ್ತ್ರಿಗೆ ಫೋನ್ ಮಾಡಿ, ಅಣ್ಣಾ, ನನಗೆ ಹೆಂಡತಿ ಕೈಕೊಟ್ಟಿದ್ದಾಳೆ, ಕಾಡಿಗೆ ನೀವೇ ಗತಿ ಎಂದ. ನನಗೆ ಒಂದೇ ಷರತ್ತು ಹಾಕಿದ್ದಾನೆ, ಊಟಕ್ಕೆ ಮಾತ್ರ ಅವನ ಪಕ್ಕ ಕೂರಬೇಕಂತೆ. ನೀನು ಕುಂಟಿದರೆ ನಾನು ನಿನ್ನ ಜೊತೆ ಇಳಿಯುತ್ತೇನೆ, ಅವನು ಮೇಲೆ ಹೋಗುತ್ತಾನೆ, ನನಗೆ ಒಂದಿಷ್ಟೂ ಬೇಜಾರಿಲ್ಲ. ಒಂದಿಷ್ಟು ಇರಬಹುದು. ಆದರೂ ಇಳಿಯುತ್ತೇನೆ.

ಬರುವುದಾದರೆ ಬಿಗಿಯಾದ ಉದ್ದ ಕಾಲುಚೀಲ ಎರಡು ಜೊತೆ ತಾ, ಉಪ್ಪಿನ ಪೊಟ್ಟಣ ನಾನು ತರುತ್ತೇನೆ. ಲ್ಯಾಬಿನಲ್ಲಿ ದಿನಕ್ಕೆ ಐವತ್ತು ಜನರ ರಕ್ತ ತೆಗೆಯುವ ನಿನಗೆ ಜಿಗಣೆಯ ಭಯವಿರಲಾರದು, ಅವೂ ನಿನ್ನ ಕಸುಬಿನವೇ. ಮಳೆ ಕಡಿಮೆಯಾಗುವ ಆರು ವಾರ ಮಾತ್ರ ಗೈಡಮ್ಮ ದಾರಿ ಬಿಡುತ್ತಾರೆ, ನಮ್ಮದು ಎರಡನೇ ವಾರ. ಅವರು ನಿನ್ನನ್ನು ಕೇಳಿದರು. ಕಾಲು ಹೇಗಿದೆ ಎಂದು ಕೇಳಿದರು, ಅಕ್ಕ. ಅದನ್ನು ಕೇಳಿದಾಗಲೇ ನಾನು ಅಲ್ಲಿ ಅತ್ತದ್ದು.

ಬರುವುದಿಲ್ಲ ಎಂದಾದರೆ ಅದನ್ನು ಫೋನ್ ಮಾಡಿ ಹೇಳು. ಬೈದಾದರೂ ಹೇಳು.

ನಿನ್ನ ಕ್ಷಮೆಗೆ ಕಾಯುತ್ತಿರುವ,
ಬಾಯಿಬಡುಕಿ ತಂಗಿ

ತಾ.ಕ.: ಒಂದು ಸುಳ್ಳು ಬರೆದಿದ್ದೇನೆ. ಲಕೋಟೆ ಅಂಟಿಸಲು ಹೋದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹಗ್ಗ ಸಲೀಸು ಎಂದದ್ದು ಸುಳ್ಳು. ಮೂರು ಶನಿವಾರದಿಂದ ನಾನು ಎಂಟಡಿ ದಾಟಿಲ್ಲ. ಎಂಟನೇ ಅಡಿಯಲ್ಲಿ ಕಣ್ಣು ಮುಚ್ಚಿಕೊಂಡು ಹಗ್ಗ ಅಪ್ಪಿ ನೇತಾಡುತ್ತೇನೆ, ಮೇಸ್ತ್ರಿ ಏಣಿ ತಂದು ಇಳಿಸುತ್ತಾರೆ. ಆದ್ದರಿಂದ ಸರಿಯಾಗಿ ಯೋಚಿಸು. ನಾನು ಅಲ್ಲಿ ಸಿಕ್ಕಿಕೊಂಡರೆ ನಿಯಮದ ಪ್ರಕಾರ ನೀನು ಅದೇ ಜಾಗದಿಂದ ಎರಡನೇ ಸಲ ಇಳಿಯಬೇಕಾಗುತ್ತದೆ. ಗೊತ್ತಿದ್ದೂ ಕೇಳುತ್ತಿದ್ದೇನೆ. ಇನ್ನೂ ಒಂಬತ್ತು ಶನಿವಾರಗಳಿವೆ, ಶೆಡ್ಡು ಹತ್ತು ಗಂಟೆಗೆ ತೆರೆಯುತ್ತದೆ, ನಿನ್ನ ಲ್ಯಾಬಿನಿಂದ ಎರಡೇ ಸ್ಟಾಪು. ನನ್ನ ಗಂಡನಿಂದ ಈ ಕೆಲಸ ಆಗುವುದಿಲ್ಲ. ನಾನು ಎಂಟಡಿಯಲ್ಲಿ ನೇತಾಡಿ ಅಳುವಾಗಲೂ ಅವನು ಕೆಳಗೆ ನಿಂತು ಸೂಪರ್, ಸೂಪರ್ ಎನ್ನುತ್ತಾನೆ. ಹೊಗಳಿದರೆ ನಾನು ಒಂದು ಗೇಣೂ ಮೇಲೆ ಹೋಗುವವಳಲ್ಲ, ಬೈದರೆ ಮಾತ್ರ ಹತ್ತುವವಳು ಎಂದು ಈ ಲೋಕದಲ್ಲಿ ನಿನಗೊಬ್ಬಳಿಗೇ ಗೊತ್ತು.