ಒಳಗೆ ಮುಖ ಮಾಡಿದ ಕುಂಬಳಕಾಯಿ

ಲೋವೆಲ್, ಮೆಸಾಚುಸೆಟ್ಸ್
೧೮೫೨ ನವೆಂಬರ್ ೧, ಸೋಮವಾರ

ಪ್ರೀತಿಯ ಕಾರ್ಮಾಕ್,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೆ? ನೀವು ರೈಲುಹಳಿ ಹಾಕುವ ಕಡೆ ಚಳಿ ಆಗಲೇ ಶುರುವಾಗಿರಬೇಕು, ಉಣ್ಣೆಯ ಕಾಲುಚೀಲ ಹರಿದಿದ್ದರೆ ಹೊಸದು ಕೊಂಡುಕೋ. ನನ್ನದೇನೂ ವಿಶೇಷವಿಲ್ಲ. ಮಗ್ಗದ ಮುಂದೆ ನಿಂತು ನಿಂತು ಕಾಲು ಊದಿಕೊಳ್ಳುತ್ತದೆ, ಮನೆಗೆ ಬಂದರೆ ಬೂಟು ಬಿಚ್ಚುವುದಕ್ಕೂ ಬೇಸರ. ನಿನ್ನ ಅಪ್ಪ ಆರೋಗ್ಯವಾಗಿದ್ದಾರೆ, ಕೈನಡುಕ ಮಾತ್ರ ಹೆಚ್ಚಾಗಿದೆ.

ನಿನ್ನೆ ಹ್ಯಾಲೋವೀನ್, ಸತ್ತವರು ಮನೆಗೆ ಮರಳುವ ರಾತ್ರಿ. ಭಾನುವಾರವಾದ್ದರಿಂದ ಮಿಲ್ಲಿಗೆ ರಜೆ, ಮಲಗಿಬಿಡೋಣ ಎಂದುಕೊಂಡಿದ್ದೆ. ಮಾವ ಬಿಡಬೇಕಲ್ಲ. ಕಿಟಕಿಯಲ್ಲಿ ದೀಪದ ಮುಖ ಇಡದಿದ್ದರೆ ಕಂಡಕಂಡ ದೆವ್ವವೆಲ್ಲ ಒಳಗೆ ಬರುತ್ತದೆ ಎಂದು ಶನಿವಾರವೇ ಟರ್ನಿಪ್ ಗೆಡ್ಡೆಗಾಗಿ ಮಾರುಕಟ್ಟೆಯೆಲ್ಲ ಅಲೆದಿದ್ದರು. ಇಲ್ಲಿಯ ಗೆಡ್ಡೆ ಮುಷ್ಟಿಯಷ್ಟೂ ಇಲ್ಲ, ಒಂದು ಮೂಗು ಕೊರೆಯಲೂ ಜಾಗ ಸಾಲದು. ಕೊನೆಗೆ ಪಕ್ಕದ ಮನೆಯಾಕೆ ಒಂದು ಕುಂಬಳಕಾಯಿ ಕೊಟ್ಟಳು. "ಹಸು ತಿನ್ನೋದನ್ನ ಕಿಟಕೀಲಿಟ್ರೆ ದೆವ್ವ ಹೆದರಲ್ಲ, ಉಂಡು ಹೋಗುತ್ತೆ" ಎಂದು ಮಾವ ಗೊಣಗಿದರು. ಆದರೂ ಚಾಕು ಹಿಡಿದರು.

ಐರ್ಲೆಂಡಿನಲ್ಲಿ, ನಮ್ಮ ಮೇಯೋದಲ್ಲಿ, ನಾವೆಲ್ಲ ಸುತ್ತ ಕೂತು ಚಮಚದಿಂದ ಗೆಡ್ಡೆ ಕೆರೆದು ಕೆರೆದು ಮಧ್ಯಾಹ್ನ ಸಂಜೆಯಾಗುತ್ತಿತ್ತು, ನೆನಪಿದೆಯಾ? ಮಣಿಕಟ್ಟು ಬಿದ್ದುಹೋಗುತ್ತಿತ್ತು. ಅಷ್ಟರಲ್ಲಿ ಮನೆಮಂದಿಯ ಜಗಳಗಳೂ ಮಾತಾಡಿ ಮುಗಿದಿರುತ್ತಿದ್ದವು. ಈ ಕುಂಬಳಕಾಯಿ ಕೊರೆಯುವುದು ಚಹಾ ಆರುವಷ್ಟರಲ್ಲಿ ಮುಗಿಯಿತು. ಪಕ್ಕದ ಮನೆಯ ಹೆಣ್ಣುಮಕ್ಕಳು ನೋಡಿ ತಮಗೂ ಒಂದು ಬೇಕೆಂದು ಕುಣಿದರು. ಅವರು ಹೋದ ಮೇಲೆ ಮಾವನ ಕೈಗೆ ಕೆಲಸವಿರಲಿಲ್ಲ. ಅದೇ ತೊಂದರೆಯಾಯಿತು.

ಸತ್ತವರ ಎಡೆಗೆ ಆಲೂಗಡ್ಡೆ, ಕೋಸು ಬೇಯಿಸಿ ಹಿಸುಕಿದ್ದೆ. ನಿನ್ನ ಅಮ್ಮನಿಗೊಂದು ಬಟ್ಟಲು, ಬರುವಾಗ ಹಡಗಿನಲ್ಲಿ ತೀರಿಕೊಂಡ ನಮ್ಮ ಮಗುವಿಗೊಂದು. ಮಾವ ಎದ್ದು ಮೂರನೆಯದು ತಂದಿಟ್ಟರು. ಯಾರಿಗೆ ಎಂದೆ. ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿ, "ಹನ್ನೊಂದು ತಿಂಗಳಾಯ್ತು ಕಣಮ್ಮ, ಅವನದೊಂದು ಕಾಗದ ಇಲ್ಲ. ಹೋಗಿಬಿಟ್ಟಿದ್ರೆ ಇವತ್ತು ಹಸ್ಕೊಂಡು ಬರ್ತಾನೆ" ಎಂದರು.

"ಬದುಕಿರೋರಿಗೆ ಎಡೆ ಇಡಬಾರದು ಮಾವ" ಎಂದು ಬಟ್ಟಲು ಎತ್ತಿಟ್ಟೆ. ಅವರು ಕಿಟಕಿಯ ಹತ್ತಿರ ಹೋಗಿ ಕುಂಬಳಕಾಯಿಯ ಮುಖವನ್ನು ಒಳಕ್ಕೆ ತಿರುಗಿಸಿದರು. ಹೊರಗೆ ಬಂದು ನಿಂತ ಮಗ ಅದನ್ನು ಕಂಡು ಹಿಂದಿರುಗಬಾರದಲ್ಲ. ಊರಿನ ದೆವ್ವಗಳಿಗೆಲ್ಲ ದಾರಿ ಬಿಟ್ಟುಕೊಟ್ಟು, ಆ ಹಲ್ಲುಕಿರಿದ ಮುಖದ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. ನನಗೆ ಅಳು ಬಂತು ಕಾರ್ಮಾಕ್, ಸಿಟ್ಟೂ ಬಂತು.

ಇನ್ನು ಬರೆಯಲು ಕೈ ಸೋತಿದೆ. ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ.

ಒನೋರಾ

ತಾ.ಕ.: ಮೊನ್ನೆ ಓಹಾಯೋದಿಂದ ಬಂದ ನಮ್ಮೂರಿನ ಫೋಲಿ ನಿನ್ನ ವಿಳಾಸ ಕೊಟ್ಟ. ನಿನ್ನ ಜೊತೆ ಇರುವ ಆ ಹೆಂಗಸಿನ ವಿಷಯ, ನಿಮ್ಮ ಕೂಸಿನ ವಿಷಯವನ್ನೂ ಹೇಳಿದ. ನಿನ್ನ ಅಪ್ಪನಿಗೆ ನಾನು ಏನೂ ಹೇಳಿಲ್ಲ, ನನ್ನ ಬಾಯಿಂದ ಅದು ಬರುವುದಿಲ್ಲ. ಬದುಕಿದ್ದೇನೆ ಎಂದು ಎರಡು ಸಾಲು ಬರೆ, ನನಗಲ್ಲ, ಅವರಿಗೆ. ಬರೆಯದಿದ್ದರೆ ಬರುವ ವರ್ಷ ಮೂರನೆಯ ಬಟ್ಟಲನ್ನು ನಾನೇ ಇಡುತ್ತೇನೆ.