ಫ್ರಿಜ್ಜಿನಲ್ಲಿರುವ ಪಾಲಪಿಟ್ಟ

ಅವ್ವಾ,

ಫ್ರಿಜ್ ತೆರೆದು ಕಿರುಚಬೇಡ. ಮೊಸರಿನ ಕೆಳಗೆ ಟವೆಲಿನಲ್ಲಿ ಸುತ್ತಿಟ್ಟಿರುವುದು ಬೆಳಗ್ಗೆ ನೀನೇ ತೊಳೆದುಕೊಟ್ಟ ಪಾಲಪಿಟ್ಟ, ಅದೇ ನಮ್ಮ ನೀಲಕಂಠ ಹಕ್ಕಿಯ ಚರ್ಮ. ನಾನು ಇದನ್ನು ಇಟ್ಟುಕೊಳ್ಳಲು ಬೇಕಾದ ಅರಣ್ಯ ಇಲಾಖೆಯ ಅನುಮತಿ ಪತ್ರಕ್ಕಾಗಿ ನಾಂಪಲ್ಲಿಗೆ ಹೊರಟಿದ್ದೇನೆ. ಸಂಜೆಯವರೆಗೆ ಒದ್ದೆಯಾಗಿಯೇ ಬಿಟ್ಟರೆ ಗರಿ ಉದುರುತ್ತದೆ, ಮ್ಯೂಸಿಯಮ್ಮಿನವರು ನನ್ನನ್ನು ಹಕ್ಕಿಗಳಿಗೆ ಹತ್ತಿ ತುಂಬಿ ನಿಲ್ಲಿಸುವ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

"ಹಿಂಡಬ್ಯಾಡ, ಹುಚ್ಚಿ! ಇಳಕಲ್ ಸೀರಿ ಯಾರರ ಹಿಂಗ ಹಿಂಡ್ತಾರೇನು?" ಎಂದು ಬೆಳಗ್ಗೆ ಅದನ್ನು ನನ್ನ ಕೈಯಿಂದ ಕಸಿದುಕೊಂಡೆಯಲ್ಲ, ಹಾಗೆಯೇ ಮೆತ್ತಗೆ ಹಿಡಿ.

ಒಣಗಿಸಲು ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಸಾಕು. ಮಾಳಿಗೆಯ ಮೇಲೆ, ಸಂಡಿಗೆಯ ಪಕ್ಕ ಬಿಸಿಲಿಗೆ ಮಾತ್ರ ಬೇಡ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗರಿಗಳನ್ನು ಬಿಡಿಸುತ್ತಿರು.

ಸತ್ತದ್ದನ್ನು ಮುಟ್ಟಿದ್ದಕ್ಕೆ ನೀನು ಮತ್ತೆ ತಲೆಸ್ನಾನ ಮಾಡಬೇಕು, ಗೊತ್ತು. ಬೈಗುಳವನ್ನು ರಾತ್ರಿ ಕೇಳುತ್ತೇನೆ.

ನೀನು ಹೊರಗೆ ಹೋದ ಮೇಲೆ ಬಲ ರೆಕ್ಕೆ ಒಣಗಿಸಿದೆ. ಒಲೆ ಒರೆಸುವ ಅರಿವೆಯಂತಿದ್ದದ್ದು ಗಾಳಿ ತಾಗುತ್ತಿದ್ದಂತೆ ಒಂದೊಂದೇ ಗರಿಯಾಗಿ ಬಿಚ್ಚಿಕೊಂಡು ನೀಲಿಯಾಯಿತು. ಅಷ್ಟು ನೀಲಿ ಎಲ್ಲಿ ಅಡಗಿತ್ತವ್ವಾ? ಡ್ರೈಯರ್ ಆರಿಸುವುದನ್ನೂ ಮರೆತು ನೋಡುತ್ತ ಕುಳಿತೆ. ಕಂಡರೆ ಶುಭವೆಂದು ಪ್ರತಿ ದಸರಾಕ್ಕೆ ನೀನು ಇದನ್ನು ದೂರದ ತಂತಿಗಳ ಮೇಲೆ ಹುಡುಕುತ್ತೀಯ.

ಎಡ ರೆಕ್ಕೆ ಒಣಗಿಸಲೂ ಸಮಯವಿತ್ತು. ಬೇಕೆಂದೇ ನಿನಗೆ ಬಿಟ್ಟಿದ್ದೇನೆ.

ಚಿನ್ಮಯಿ